ತರ್ಜುಮೆ ಕಾಕ

ಶುಕ್ರವಾರ. ಗುದೈಬಿಯಾದ ಅಂಗಡಿಗಳು
ಅರ್ಧ ಕಣ್ಣು ಮುಚ್ಚಿರುತ್ತವೆ.
ಜುಮ್ಮಾ ಮುಗಿಸಿ, ಒಂದು ಕುಬ್ಬೂಸು ಮಡಚಿ ತಿಂದು
ದೊಡ್ಡಾಸ್ಪತ್ರೆಯ ಬಸ್ಸು ಹತ್ತುತ್ತೇನೆ.
ಮೂವತ್ತೊಂದು ವರ್ಷದಿಂದ ಇದೇ ಕೆಲಸ.
ಸಂಬಳದ್ದಲ್ಲ; ಸಂಬಳದ್ದು ಬಣ್ಣದ ಗೋದಾಮಿನಲ್ಲಿ
ಡಬ್ಬ ಎಣಿಸುವುದು.

"ಏನು ಸಿಗುತ್ತದೆ ನಿಮಗೆ ಅಲ್ಲಿ?"
ಉಳ್ಳಾಲದಿಂದ ಫೋನಿನಲ್ಲಿ ಬೀಫಾತಿಮ್ಮ.
ಇಪ್ಪತ್ತು ವರ್ಷ ಕೋಪಕ್ಕೆ ಕೇಳಿದಳು,
ಈಗ ಬರೀ ಕುತೂಹಲಕ್ಕೆ.

ಏನು ಹೇಳಲಿ.
ಒಂದು ಗಾಜಿನ ಫಲಕ ಸಿಕ್ಕಿದೆ, ಸಂಘದವರು ಕೊಟ್ಟದ್ದು.
ಉಂಞಿಮೋನು ಅದರಲ್ಲಿ ಹುಣ್ಣಿಮೋನು ಆಗಿ
ಹುಣ್ಣಿಮೆಯ ತಮ್ಮನಾಗಿದ್ದಾನೆ.
ಗಾಳಿಗೆ ರೂಮಿನ ಬಾಗಿಲು ಬಡಿಯದಂತೆ
ಅಡ್ಡ ಕೂತಿರುತ್ತಾನೆ.

ಉಳಿದದ್ದೆಲ್ಲ ಮಾತು.

ನನಗೆ ಕನ್ನಡ ಬರುತ್ತದೆ ಅಂದುಕೊಂಡಿದ್ದೆ.
ಮನೆಯೊಳಗೆ ಬ್ಯಾರಿ, ಬೀದಿಯಲ್ಲಿ ತುಳು,
ಐದನೇ ಕ್ಲಾಸಿನವರೆಗಿನ ಕನ್ನಡ, ಬಸ್ಸಿನ ಬೋರ್ಡಿನ ಕನ್ನಡ.
ಮೊದಲ ಶುಕ್ರವಾರವೇ
ಮಸ್ಕಿಯ ಗಾರೆ ಕೆಲಸದವನೊಬ್ಬ ಹೊಟ್ಟೆ ಹಿಡಿದು
"ಕಳ್ಳು ಕಿವುಚಿದಂಗ ಆಗಾಕತ್ತೈತಿ" ಎಂದ.
ಕಳ್ಳು ಕುಡಿದಿದ್ದಾನಂತೆ ಎಂದು
ಡಾಕ್ಟರಿಗೆ ಹೇಳಲು ಬಾಯಿ ತೆರೆದಿದ್ದೆ;
ಪಕ್ಕದ ಮಂಚದ ಮುದುಕ, ಗೋಕಾಕಿನವ,
ಆಕ್ಸಿಜನ್ ಮುಖವಾಡ ಸರಿಸಿ ನಕ್ಕ:
"ಕಾಕಾ, ಕಳ್ಳಂದ್ರ ಕರುಳು!"
ಅಂದಿನಿಂದ ನಾನು ತರ್ಜುಮೆ ಕಾಕ.

ಕಲಿತೆ.
ಉರಿ ಬೇರೆ, ಚಳಕು ಬೇರೆ, ಸೆಳೆತ ಬೇರೆ.
ಕಾಲು ಸೇದುವುದಕ್ಕೂ ಬಾವಿ ಸೇದುವುದಕ್ಕೂ
ಹಗ್ಗವೊಂದೇ ಇದ್ದೀತೇನೋ.
ಡಾಕ್ಟರಿಗೆ ಬೇಕಾದದ್ದು
ಒಂದರಿಂದ ಹತ್ತರೊಳಗಿನ ಒಂದು ಅಂಕಿ;
ಇವರೋ, ಒಂದೊಂದು ನೋವಿಗೂ ಹೆಸರಿಟ್ಟು ಸಾಕಿದವರು.

ಒಮ್ಮೆ ತಪ್ಪಿದೆ.
ಫಕೀರಪ್ಪ, ಕುಷ್ಟಗಿ ಕಡೆಯವ.
"ಎದ್ಯಾಗ ವಾಯು ಹಿಡದೈತಿ" ಎಂದ.
ಕ್ಯಾಂಪಿನ ಕ್ಲಿನಿಕ್ಕಿನಲ್ಲಿ ನಾನು ಗ್ಯಾಸ್ ಎಂದೆ.
ಪದಕ್ಕೆ ಪದ ಸರಿಯಾಗಿಯೇ ಇತ್ತು.
ಗುಳಿಗೆ ಕೊಟ್ಟು ಕಳಿಸಿದರು.
ಬೆಳಗಿನ ಬಾಂಗಿಗೆ ಮುಂಚೆ ಹೋಗಿಬಿಟ್ಟ.

ಈಗ ಎರಡು ಸಲ ಕೇಳುತ್ತೇನೆ.
ಮಾತಿಗಿಂತ ಮೊದಲು
ಕೈ ಎಲ್ಲಿಗೆ ಹೋಗುತ್ತದೆಂದು ನೋಡುತ್ತೇನೆ.
ಅವನ ಹೆಂಡತಿ ಪ್ರತಿ ಪಂಚಮಿಗೆ
ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ.
ನಾನು ತಿರುಗಿ ಮಾಡುತ್ತೇನೆ. "ಊಟಾತ್ರೀ?" ಅನ್ನುತ್ತಾಳೆ.
ಅಷ್ಟೇ.
ಇದನ್ನು ಎಲ್ಲಿ ಬರೆಯಲಿ ಬೀಫಾತಿಮ್ಮ,
ಜಮೆಗೋ, ಖರ್ಚಿಗೋ?

ಹೋದ ತಿಂಗಳು ನಾನೇ ಮಲಗಿದೆ.
ಸಕ್ಕರೆ ಏರಿ, ಪಾದ ಕೈಕೊಟ್ಟಿತ್ತು.
ಎದುರು ಮಂಚದಲ್ಲಿ ಔರಾದಿನ ಹುಡುಗ
ಹೇಳಲು ತಿಳಿಯದೆ ಗೋಡೆಗೆ ತಿರುಗಿ ಅಳುತ್ತಿದ್ದ.
ಸಲೈನಿನ ಕಂಬ ತಳ್ಳಿಕೊಂಡು ಹೋದೆ.
ಗುರುವಾರವಾಗಿತ್ತು, ನನ್ನ ಲೆಕ್ಕಕ್ಕೆ ರಜೆ.
ನರ್ಸು ಬೈದಳು.
ಹುಡುಗನ ಕಿವಿಯಲ್ಲಿ ಸಿಕ್ಕಿದ್ದು ಒಂದು ಸಿಮೆಂಟಿನ ಹರಳು.

ಆಮೇಲೆ ಡಾಕ್ಟರ್ ಮುನೀರಾ ಬಂದರು,
ಮುಹರ್ರಕ್‌ನ ಹೆಣ್ಣುಮಗಳು,
ಕಲಿಯಲು ಬಂದ ದಿನದಿಂದಲೂ
ನನ್ನ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡವರು.
ನನ್ನ ಹೆಬ್ಬೆರಳು ಒತ್ತಿ,
ಅರಬಿ ಬಿಟ್ಟು, ಇಂಗ್ಲಿಷು ಬಿಟ್ಟು ಕೇಳಿದರು:
"ಉರಿ? ಸೆಳಿತ? ಸೇದೂದು?"

ಮಸ್ಕಿಯವನು ಯಾವಾಗಲೋ ಊರು ಸೇರಿದ.
ಗೋಕಾಕಿನ ಮುದುಕ ಮಣ್ಣು ಸೇರಿದ.
ಇಲ್ಲಿ ಈ ಮುತ್ತಿನ ಸಮುದ್ರದ ದಂಡೆಯವಳ ಬಾಯಲ್ಲಿ
ಅವರಿಬ್ಬರೂ ತಿರುಗಿ ಬಂದು
ನನ್ನ ಕಾಲನ್ನು ವಿಚಾರಿಸುತ್ತಿದ್ದರು.

ತರ್ಜುಮೆ ಕಾಕನಿಗೆ ಮಾತು ಹೊರಡಲಿಲ್ಲ.
ನೋವೇ ಇಲ್ಲದ್ದಕ್ಕೆ ಏನನ್ನುವುದು?
ತಡವಾಗಿ "ಜೋಮು" ಎಂದೆ.
"ಇನ್ನೊಮ್ಮೆ ಹೇಳಿ" ಎಂದರು.
ಕಿಸೆಯ ಪುಸ್ತಕ ತೆಗೆದು ಬರೆದುಕೊಂಡರು,
ಜೀಮ್, ವಾವ್, ಮೀಮ್, ವಾವ್.
ಬಲದಿಂದ ಎಡಕ್ಕೆ
ನನ್ನ ಕಾಲಿಗಿಂತ ಸಲೀಸಾಗಿ
ನಡೆದುಹೋಯಿತು ಆ ಪದ.